ವೃದ್ಧರ ಸಮಗ್ರ ಆರೋಗ್ಯ ಮೌಲ್ಯಮಾಪನ

ವೃದ್ಧರ ಸಮಗ್ರ ಆರೋಗ್ಯ ಮೌಲ್ಯಮಾಪನ ಎಂದರೆ ಹಿರಿಯ ವ್ಯಕ್ತಿಯ ಕಾಯಿಲೆಗಳ ಜೊತೆಗೆ ಆತನ ದೈನಂದಿನ ಸಾಮರ್ಥ್ಯ, ಮನಸ್ಥಿತಿ, ನೆನಪು, ಮನೆಯ ವಾತಾವರಣ ಮತ್ತು ಆಸರೆಯನ್ನು ಪರಿಶೀಲಿಸಿ, ಬೇಕಾದ ಆರೈಕೆಯನ್ನು ನಿರ್ಧರಿಸುವ ವಿಧಾನ. ಭಾರತದಲ್ಲಿ 60 ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಪರಿಗಣಿಸಲಾಗುತ್ತದೆ. 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆಯಲ್ಲಿ ಇವರ ಪಾಲು ಸುಮಾರು ಶೇ. 9.5ರಷ್ಟಿತ್ತು.

ಇತಿಹಾಸ

ಈ ಪದ್ಧತಿಯ ಮೂಲವನ್ನು ಬ್ರಿಟನ್ನಿನ ವೈದ್ಯೆ ಮಾರ್ಜರಿ ವಾರೆನ್ ಅವರ ಕೆಲಸದಲ್ಲಿ ಗುರುತಿಸಲಾಗುತ್ತದೆ. 1930ರ ದಶಕದಲ್ಲಿ ಅವರು ಬಹುಕಾಲದಿಂದ ಹಾಸಿಗೆ ಹಿಡಿದಿದ್ದ ರೋಗಿಗಳನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದಾಗ, ಅನೇಕರು ಚಿಕಿತ್ಸೆ ಮತ್ತು ವ್ಯಾಯಾಮದಿಂದ ಎದ್ದು ನಡೆಯಬಲ್ಲರೆಂಬುದು ಕಂಡುಬಂದಿತು. 1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು ಸ್ನಾನ, ಉಡುಗೆ, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹಿಡಿತ ಮತ್ತು ಊಟ ಎಂಬ ಆರು ಅಂಶಗಳ ಮಾಪಕವನ್ನು ಪ್ರಕಟಿಸಿದರು.

ಪರಿಶೀಲಿಸುವ ಅಂಶಗಳು

ನಡಿಗೆಯನ್ನು ಸರಳವಾಗಿ ಅಳೆಯಬಹುದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಮಲಗಿದಾಗ ಮತ್ತು ಎದ್ದು ನಿಂತಾಗ ರಕ್ತದೊತ್ತಡವನ್ನು ಬೇರೆ ಬೇರೆಯಾಗಿ ನೋಡಲಾಗುತ್ತದೆ. ವ್ಯಕ್ತಿ ಸೇವಿಸುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಲ್ಲಿ ಕೇಳಿ ತಂದ ಮಂಡಿನೋವಿನ ಮಾತ್ರೆಗಳನ್ನೂ ಸೇರಿಸಿ, ಎದುರಿಗಿಟ್ಟು ಪರಿಶೀಲಿಸುವುದು ಅತ್ಯಗತ್ಯ. ಇಂತಹ ನೋವುನಿವಾರಕಗಳ ದೀರ್ಘ ಬಳಕೆ ಮೂತ್ರಪಿಂಡಕ್ಕೆ ಹಾನಿಕರ.

ಕಿವಿ ಮಂದವಾದವರನ್ನು ಮರೆವಿನವರೆಂದು, ಖಿನ್ನತೆಯಿಂದ ಮೌನವಾದವರನ್ನು ಸುಮ್ಮನೆ ವಯಸ್ಸಾದವರೆಂದು ಮನೆಯವರು ತಿಳಿಯುವುದುಂಟು. "ವಯಸ್ಸಾಯಿತಲ್ಲ" ಎಂಬ ಮಾತಿನ ಮರೆಯಲ್ಲಿ ಕಣ್ಣಿನ ಪೊರೆ, ರಕ್ತಹೀನತೆ, ಥೈರಾಯ್ಡ್ ತೊಂದರೆಗಳಂತಹ ಚಿಕಿತ್ಸೆಯುಳ್ಳ ಕಾಯಿಲೆಗಳೂ ಉಳಿದುಬಿಡುತ್ತವೆ. ಮಗ ಅಥವಾ ಸೊಸೆ ಪಕ್ಕದಲ್ಲಿ ಕುಳಿತು ಎಲ್ಲದಕ್ಕೂ ತಾವೇ ಉತ್ತರಿಸಿದರೆ ನಿಂದನೆ, ಅರೆಹೊಟ್ಟೆ ಮೊದಲಾದವು ಹೊರಬರುವುದಿಲ್ಲ. ಆದ್ದರಿಂದ ಸ್ವಲ್ಪ ಹೊತ್ತಾದರೂ ಹಿರಿಯರೊಡನೆ ಪ್ರತ್ಯೇಕವಾಗಿ ಮಾತನಾಡಬೇಕು.

ಪ್ರಶ್ನೆಗಳ ಹೊಂದಾಣಿಕೆ

ಪಾಶ್ಚಾತ್ಯ ಮಾಪಕಗಳನ್ನು ಹಾಗೆಯೇ ಬಳಸುವುದು ತಪ್ಪು ಫಲಿತಾಂಶ ನೀಡುತ್ತದೆ. ವಾಕ್ಯ ಬರೆಯಿರಿ, ಚಿತ್ರ ನಕಲು ಮಾಡಿ ಎಂಬ ಪರೀಕ್ಷೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಕಡಿಮೆ ಅಂಕ ಬಂದರೆ ಅದು ಮರೆವಿನ ರೋಗವಲ್ಲ. ಅಡುಗೆ ಮಾಡುತ್ತೀರಾ ಎಂಬ ಪ್ರಶ್ನೆಗೆ ಎಂದೂ ಒಲೆ ಮುಟ್ಟದ ಅಜ್ಜನ ಉತ್ತರದಿಂದ ತಿಳಿಯುವುದೂ ಏನಿಲ್ಲ. ಇದನ್ನು ಮನಗಂಡು ಹರಿಯಾಣದ ಬಲ್ಲಭಗಢದಲ್ಲಿ ಅನಕ್ಷರಸ್ಥ ಹಿರಿಯರಿಗೆ ಹೊಂದುವ ದೈನಂದಿನ ಸಾಮರ್ಥ್ಯದ ಮಾಪಕವೊಂದನ್ನು ರೂಪಿಸಲಾಯಿತು. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಾದರೆ ಮುದ್ದೆ ತಿರುವುವುದು, ಹಸುವಿಗೆ ಮೇವು ಹಾಕುವುದು, ಡೇರಿಯ ಹಾಲಿನ ಬಟವಾಡೆ ಲೆಕ್ಕ ನೋಡುವುದು, ನೆಲದ ಮೇಲೆ ಕುಳಿತು ಏಳುವುದು ಹೆಚ್ಚು ಅರ್ಥಪೂರ್ಣ ಪ್ರಶ್ನೆಗಳು.

ಮಂಡ್ಯ ಜಿಲ್ಲೆಯಲ್ಲಿನ ವ್ಯವಸ್ಥೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಪಾಂಡವಪುರ ಕಂದಾಯ ಉಪವಿಭಾಗಕ್ಕೆ ಸೇರಿವೆ. ದೇಶದ ಇತರೆಡೆಗಳಂತೆ ಇಲ್ಲಿಯೂ ಮೊದಲ ಹಂತದ ತಪಾಸಣೆ ಆಶಾ ಕಾರ್ಯಕರ್ತೆಯ ಕೆಲಸ. 30 ವರ್ಷ ಮೇಲ್ಪಟ್ಟವರಿಗಾಗಿ ಆಕೆ ತುಂಬುವ ಸಮುದಾಯ ಆಧಾರಿತ ತಪಾಸಣಾ ಪಟ್ಟಿಯಲ್ಲಿ 60 ದಾಟಿದವರಿಗೆ ಹೆಚ್ಚುವರಿ ಪ್ರಶ್ನೆಗಳಿವೆ: ನಿಂತಾಗ ಅಥವಾ ನಡೆಯುವಾಗ ತೂಕ ತಪ್ಪುತ್ತದೆಯೇ, ನಿತ್ಯದ ಕೆಲಸಕ್ಕೆ ಇತರರ ನೆರವು ಬೇಕೇ, ಹತ್ತಿರದವರ ಹೆಸರು ಮರೆಯುತ್ತದೆಯೇ. 2010–11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಆರೈಕೆ ಕಾರ್ಯಕ್ರಮವು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ವೃದ್ಧರ ಕ್ಲಿನಿಕ್, ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಗಳ ವಾರ್ಡ್ ಇರಬೇಕೆಂದು ಸೂಚಿಸುತ್ತದೆ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿರುವ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು ಜಿಲ್ಲೆಯ ಬೋಧನಾ ಆಸ್ಪತ್ರೆಗಳು.

ಮೌಲ್ಯಮಾಪನದಲ್ಲಿ ಕಂಡುಬರುವ ಎಲ್ಲ ಅಗತ್ಯಗಳೂ ವೈದ್ಯಕೀಯವಲ್ಲ. 65 ವರ್ಷ ಮೇಲ್ಪಟ್ಟ ಬಡವರಿಗೆ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಯಿದೆ. ಮಕ್ಕಳು ನೋಡಿಕೊಳ್ಳದಿದ್ದಲ್ಲಿ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ದೂರು ನೀಡಬಹುದು. ಆರೈಕೆಯ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಆ ಷರತ್ತು ಮುರಿದಾಗ, ರದ್ದುಪಡಿಸಲು ಇದೇ ಕಾಯ್ದೆಯ 23ನೇ ಕಲಂ ಅವಕಾಶ ನೀಡುತ್ತದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567.