ಮೂರು ದಿನದ ದದ್ದು



1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್ 78 ಹಸುಳೆಗಳ ಹುಟ್ಟುಪೊರೆಯನ್ನು ವರದಿ ಮಾಡಿದರು. ಬಹುತೇಕ ತಾಯಂದಿರಿಗೆ ಬಸಿರಿನ ಆರಂಭದಲ್ಲಿ ರುಬೆಲ್ಲಾ, ಅಂದರೆ ಜರ್ಮನ್ ದಡಾರ, ಬಂದಿತ್ತು. ತಾಯಿಗೆ ಮೂರು ದಿನದ ದದ್ದು. ಮಗುವಿಗೆ ಜೀವಮಾನದ ಅಂಧತ್ವ, ಕಿವುಡು, ಹೃದಯದೋಷ. ಅನೇಕ ವೈದ್ಯರು ಇದನ್ನು ಮೊದಲು ನಂಬಲಿಲ್ಲ. ಲಸಿಕೆ ಬಂದದ್ದು 1969ರಲ್ಲಿ.

ನಮ್ಮ ಎರಡು ನಾಡುಗಳ ಜನಸಾಮಾನ್ಯರಿಗೆ ಅದು ತಲುಪಿದ್ದು ಬಹಳ ತಡವಾಗಿ: ಕೀನ್ಯಾದಲ್ಲಿ 2016ರ, ಕರ್ನಾಟಕದಲ್ಲಿ 2017ರ ದಡಾರ-ರುಬೆಲ್ಲಾ ಅಭಿಯಾನದಲ್ಲಿ, ಒಂಬತ್ತು ತಿಂಗಳು ತುಂಬಿದ, ಹದಿನೈದು ವರ್ಷದೊಳಗಿನ ಮಕ್ಕಳಿಗೆ. ಅಂದು ಆ ವಯಸ್ಸು ದಾಟಿದ್ದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ತಾಯಂದಿರಾಗುತ್ತಿದ್ದಾರೆ. ಲೊರೆಶೋದ ನಮ್ಮ ಮನೆಗಳಿಗೆ ಸೊಸೆಯರಾಗಿ ಬರುವವರೂ ಅವರೇ. ಬಸುರಿಗೆ ಈ ಲಸಿಕೆ ಸಲ್ಲದು. ಗರ್ಭ ನಿಲ್ಲುವುದಕ್ಕೆ ಕನಿಷ್ಠ ಒಂದು ತಿಂಗಳ ಮುಂಚೆಯೇ ಹಾಕಿಸಬೇಕು. ಆದ್ದರಿಂದ ಜಾತಕ ನೋಡುವಾಗಲೇ ಲಸಿಕೆಯ ಚೀಟಿಯನ್ನೂ ವಿಚಾರಿಸೋಣ.