ಮಲೇಷ್ಯಾದ ಚುನಾವಣಾಪೂರ್ವ ಸಮೀಕ್ಷೆಗಳು: ಶೇಕಡಾವಾರಿನಿಂದ ಸ್ಥಾನಗಳವರೆಗೆ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ನಾಲ್ಕು ವರ್ಷಕ್ಕೊಮ್ಮೆ ನ್ಯೂ ಹ್ಯಾಂಪ್‌ಶೈರ್, ಮಿಷಿಗನ್ ಮೊದಲಾದ ರಾಜ್ಯಗಳ ಪ್ರೈಮರಿ ಸಮೀಕ್ಷೆಗಳು ದಿನಚರಿಯ ಭಾಗವೇ ಆಗಿಬಿಡುತ್ತವೆ. ನಾನು ವೃತ್ತಿ ನಡೆಸುತ್ತಿರುವ ಮಲೇಷ್ಯಾದಲ್ಲಿ ಅಂಥ ಪ್ರೈಮರಿಯಿಲ್ಲ. ಇಲ್ಲಿ ಜನರು 222 ಸಂಸತ್ ಸದಸ್ಯರನ್ನು ಆರಿಸುತ್ತಾರೆ. ಆ ಸದನದ ಬಹುಮತದ ವಿಶ್ವಾಸವಿರುವವರನ್ನು ದೊರೆ ಪ್ರಧಾನಿಯಾಗಿ ನೇಮಿಸುತ್ತಾರೆ. ಆದರೂ ಚುನಾವಣೆ ಸಮೀಪಿಸಿದಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಶೇಕಡಾವಾರುಗಳು, ಅವುಗಳ ಸುತ್ತ ಏಳುವ ತರ್ಕ-ಕುತರ್ಕಗಳು ಎಲ್ಲೆಡೆಯಂತೆ ಇಲ್ಲಿಯೂ ಇವೆ. ಈ ಸಂಖ್ಯೆಗಳು ಹೇಗೆ ಹುಟ್ಟುತ್ತವೆ, ಎಲ್ಲಿ ಎಡವುತ್ತವೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ನಾನು ಸಂಖ್ಯಾಶಾಸ್ತ್ರಜ್ಞನಲ್ಲ, ವೈದ್ಯ. ಆದರೆ ಕೆಲವರನ್ನು ಪರೀಕ್ಷಿಸಿ ಎಲ್ಲರ ಬಗ್ಗೆ ತೀರ್ಮಾನಿಸುವ ವಿದ್ಯೆ ವೈದ್ಯಶಾಸ್ತ್ರಕ್ಕೂ ಸಮೀಕ್ಷೆಗೂ ಒಂದೇ ಆಗಿದೆ.

ಮಲೇಷ್ಯಾದಲ್ಲಿ ಅತಿ ಹೆಚ್ಚು ಉಲ್ಲೇಖಗೊಳ್ಳುವ ಸಮೀಕ್ಷಾ ಸಂಸ್ಥೆ ಮೆರ್ಡೇಕಾ ಸೆಂಟರ್. ಸೆಲಂಗೋರ್ ರಾಜ್ಯದ ಬಾಂಗಿಯಲ್ಲಿರುವ ಈ ಸಂಸ್ಥೆ ಕೆಲಸ ಆರಂಭಿಸಿದ್ದು 2001ರಲ್ಲಿ. ಅದರ ಪರವಾಗಿ ಮಾಧ್ಯಮಗಳೊಡನೆ ಮಾತನಾಡುವವರು ನಿರ್ದೇಶಕ ಇಬ್ರಾಹಿಂ ಸುಫಿಯಾನ್. ದೂರವಾಣಿಯ ಮೂಲಕ ಸಾವಿರ-ಸಾವಿರದಿನ್ನೂರು ಮತದಾರರನ್ನು ಮಾತನಾಡಿಸುವುದು ಅವರ ಸಾಮಾನ್ಯ ಕ್ರಮ. ರಾಜ್ಯ, ಜನಾಂಗ, ಲಿಂಗ, ವಯಸ್ಸುಗಳ ಪ್ರಮಾಣಕ್ಕೆ ತಕ್ಕಂತೆ ಆ ಮಾದರಿಯನ್ನು ಹೊಂದಿಸುತ್ತಾರೆ.

ಕೋಟಿಗಟ್ಟಲೆ ಮತದಾರರಿರುವ ದೇಶಕ್ಕೆ ಸಾವಿರದಿನ್ನೂರು ಜನ ಸಾಕೇ ಎಂದು ಕೇಳದವರಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮ ಅಜ್ಜಿಯರು ಒಂದಗುಳನ್ನಷ್ಟೇ ಹಿಸುಕಿ ನೋಡುತ್ತಿದ್ದರು. ಪಾತ್ರೆ ದೊಡ್ಡದಾಯಿತೆಂದು ಹೆಚ್ಚು ಅಗುಳು ಹಿಸುಕುತ್ತಿರಲಿಲ್ಲ. ಮಾದರಿಯ ಬಲವಿರುವುದು ಅದರ ಗಾತ್ರದಲ್ಲಿಯೇ ಹೊರತು ಅದು ಒಟ್ಟು ಜನಸಂಖ್ಯೆಯ ಎಷ್ಟನೇ ಪಾಲು ಎಂಬುದರಲ್ಲಿ ಅಲ್ಲ. ಸಾವಿರದಿನ್ನೂರು ಜನರನ್ನು ಲಾಟರಿಯಂತೆ ಆರಿಸಿದರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಸಲ ಉತ್ತರವು ನಿಜದಿಂದ ಶೇ. 2.8ರಷ್ಟು ಆಚೀಚೆಯೊಳಗೆ ಬರುತ್ತದೆ. ಈ ದೋಷಮಿತಿಯನ್ನು ಅರ್ಧಕ್ಕಿಳಿಸಲು ನಾಲ್ಕುಪಟ್ಟು ಜನರನ್ನು ಕೇಳಬೇಕಾಗುತ್ತದೆ; ಆದ್ದರಿಂದಲೇ ಬಹುತೇಕ ಸಂಸ್ಥೆಗಳು ಈ ಗಾತ್ರದಲ್ಲಿಯೇ ನಿಲ್ಲುತ್ತವೆ.

ಆದರೆ ಅಗುಳಿನ ಉಪಮೆ ಚೆನ್ನಾಗಿ ಕದಡಿದ ಪಾತ್ರೆಗೆ ಮಾತ್ರ ಒಪ್ಪುತ್ತದೆ. ಸರಿಯಾಗಿ ಕಲಸದ ಚಿತ್ರಾನ್ನದ ಮೇಲ್ಪದರದಿಂದ ಎಷ್ಟು ತುತ್ತು ತೆಗೆದರೂ ತಳದ ರುಚಿ ತಿಳಿಯದು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಕಾರಿನ ಮತ್ತು ದೂರವಾಣಿಯ ಪಟ್ಟಿಗಳಿಂದ ಹೆಸರುಗಳನ್ನು ಆರಿಸಿದ್ದು ಒಂದು ಕಾರಣ. ಚೀಟಿಯನ್ನು ಮರಳಿ ಕಳುಹಿಸುವ ಆಸಕ್ತಿ ಇದ್ದವರೇ ಬೇರೆ ಬಗೆಯವರಾಗಿದ್ದರು ಎಂಬುದು ಇನ್ನೊಂದು. ಪತ್ರಿಕೆಗಳು ಅಚ್ಚು ಹಾಕುವ ದೋಷಮಿತಿಯಲ್ಲಿ ಈ ಎರಡೂ ಸೇರಿರುವುದಿಲ್ಲ, ಇಂದಿಗೂ. ಅದು ಅದೃಷ್ಟದ ಏರಿಳಿತವನ್ನು ಮಾತ್ರ ಅಳೆಯುತ್ತದೆ.

ಉತ್ತರ ಕೊಡದವರ ಸಮಸ್ಯೆ ಈಗ ಇನ್ನೂ ತೀವ್ರವಾಗಿದೆ. ಅಮೆರಿಕದ ಪ್ಯೂ ಸಂಸ್ಥೆಯ ದೂರವಾಣಿ ಸಮೀಕ್ಷೆಗಳಿಗೆ 1997ರಲ್ಲಿ ಶೇ. 36ರಷ್ಟು ಜನ ಉತ್ತರಿಸುತ್ತಿದ್ದರೆ, 2018ರ ಹೊತ್ತಿಗೆ ಅದು ಶೇ. 6ಕ್ಕೆ ಇಳಿಯಿತು. ನೂರು ರೋಗಿಗಳಲ್ಲಿ ಆರು ಮಂದಿ ಮಾತ್ರ ಮರುತಪಾಸಣೆಗೆ ಬಂದ ಔಷಧಪ್ರಯೋಗವನ್ನು ಯಾವ ವೈದ್ಯಪತ್ರಿಕೆಯೂ ಸುಲಭವಾಗಿ ಒಪ್ಪದು. ಸಮೀಕ್ಷಕರು ತೂಕ ಹೊಂದಿಸಿ ಇದನ್ನು ಸರಿಪಡಿಸುತ್ತಾರೆ, ಬಹಳ ಸಲ ಯಶಸ್ವಿಯೂ ಆಗುತ್ತಾರೆ ಎಂಬುದು ನಿಜಕ್ಕೂ ಮೆಚ್ಚಬೇಕಾದ ಸಂಗತಿ.

ಉತ್ತರಿಸಿದವರೆಲ್ಲ ಮನಸ್ಸಿನಲ್ಲಿರುವುದನ್ನೇ ಹೇಳುತ್ತಾರೆಯೇ? ದಿನಕ್ಕೆಷ್ಟು ಮದ್ಯ ಸೇವಿಸುತ್ತೀರಿ ಎಂದು ರೋಗಿಯನ್ನು ಕೇಳಿದ ಯಾವ ವೈದ್ಯನಿಗೂ ಇದರ ಉತ್ತರ ಗೊತ್ತು. ಸ್ವಾತಂತ್ರ್ಯ ಬಂದ 1957ರಿಂದ 2018ರವರೆಗೆ ಮಲೇಷ್ಯಾವನ್ನು ಆಳಿದ್ದು ಒಂದೇ ಮೈತ್ರಿಕೂಟ, ಮೊದಲು ಅಲಯನ್ಸ್ ಎಂಬ ಹೆಸರಿನಲ್ಲಿ, ಅನಂತರ ಬಾರಿಸಾನ್ ನಾಷನಲ್ ಎಂಬ ಹೆಸರಿನಲ್ಲಿ. ಸರ್ಕಾರಿ ನೌಕರಿ, ಹಳ್ಳಿಯ ಅನುದಾನ, ಗುತ್ತಿಗೆ ಎಲ್ಲವೂ ಅದರ ಕೈಯಲ್ಲಿದ್ದಾಗ, ಅಪರಿಚಿತ ದನಿಯೊಂದು ಕರೆ ಮಾಡಿ ನಿಮ್ಮ ಮತ ಯಾರಿಗೆ ಎಂದು ಕೇಳಿದರೆ, ವಿವೇಕಿಯಾದವನು ಇನ್ನೂ ನಿರ್ಧರಿಸಿಲ್ಲ ಎಂದೇ ಹೇಳುತ್ತಾನೆ. ಇದು ಸುಳ್ಳಲ್ಲ, ಸೌಜನ್ಯ ಬೆರೆತ ಎಚ್ಚರಿಕೆ.

ಇಷ್ಟೆಲ್ಲ ದಾಟಿ ಮತಪ್ರಮಾಣವನ್ನು ಸರಿಯಾಗಿಯೇ ಅಳೆದೆವು ಎನ್ನೋಣ. ಅದನ್ನು ಸ್ಥಾನಗಳಾಗಿ ಪರಿವರ್ತಿಸುವ ಹೊತ್ತಿಗೆ ಮಲೇಷ್ಯಾದ ನಿಜವಾದ ಕಷ್ಟ ಆರಂಭವಾಗುತ್ತದೆ. 2013ರ ಮೇ 5ರ ಚುನಾವಣೆಯಲ್ಲಿ ವಿರೋಧಿ ಕೂಟಕ್ಕೆ ಶೇ. 50.9ರಷ್ಟು ಮತ ಬಂದರೂ ದೊರೆತದ್ದು 89 ಸ್ಥಾನ, ಶೇ. 47.4 ಮತ ಪಡೆದ ಬಾರಿಸಾನ್‌ಗೆ 133. ಇದಕ್ಕೆ ಮುಖ್ಯ ಕಾರಣ ಕ್ಷೇತ್ರಗಳ ಗಾತ್ರದ ಅಸಮಾನತೆ. 2022ರಲ್ಲಿ ಬಾಂಗಿ ಕ್ಷೇತ್ರದ ಮತದಾರರು 3 ಲಕ್ಷಕ್ಕೂ ಹೆಚ್ಚು. ಸರವಾಕ್‌ನ ಇಗಾನ್‌ನಲ್ಲಿ ಸುಮಾರು 28 ಸಾವಿರ. ಇಬ್ಬರಿಗೂ ಸಂಸತ್ತಿನಲ್ಲಿ ತಲಾ ಒಂದು ಕುರ್ಚಿ. ದೇಶದ ಅತಿ ಪ್ರಸಿದ್ಧ ಸಮೀಕ್ಷಾ ಸಂಸ್ಥೆ ಬಾಂಗಿಯಲ್ಲಿಯೇ ಇರುವುದು ವಿಧಿಯ ತಮಾಷೆ.

ಕನ್ನಡಿಗರಿಗೆ ಇದು ಅಪರಿಚಿತವಲ್ಲ. 2018ರ ಮೇ 9ರಂದು ಮಲೇಷ್ಯಾ 222 ಸ್ಥಾನಗಳಿಗೆ ಮತ ಹಾಕಿತು. ಮೂರೇ ದಿನಗಳ ಅನಂತರ, ಮೇ 12ರಂದು, ಕರ್ನಾಟಕವೂ 222 ಸ್ಥಾನಗಳಿಗೇ ಮತ ಹಾಕಿತು. ಜಯನಗರ ಮತ್ತು ರಾಜರಾಜೇಶ್ವರಿನಗರಗಳ ಮತದಾನ ಮುಂದಕ್ಕೆ ಹೋಗಿತ್ತು. ಕಾಂಗ್ರೆಸ್‌ಗೆ ಸುಮಾರು ಶೇ. 38, ಬಿಜೆಪಿಗೆ ಸುಮಾರು ಶೇ. 36 ಮತ, ಸ್ಥಾನಗಳು ಮಾತ್ರ 78 ಮತ್ತು 104. ಅಂದರೆ ಮತಪ್ರಮಾಣವನ್ನು ದಶಾಂಶದವರೆಗೆ ಸರಿಯಾಗಿ ಹೇಳಿದ ಸಮೀಕ್ಷಕನೂ ದೊಡ್ಡ ಪಕ್ಷ ಯಾವುದೆಂಬುದನ್ನು ತಪ್ಪು ಹೇಳಬಹುದಾಗಿತ್ತು.

ಸಾವಿರದಿನ್ನೂರು ಜನರನ್ನು 222 ಕ್ಷೇತ್ರಗಳಿಗೆ ಹಂಚಿದರೆ ಕ್ಷೇತ್ರಕ್ಕೆ ಐದಾರು ಜನ ಬರುತ್ತಾರೆ. ಐದಾರು ಜನರಿಂದ ಒಂದು ಕ್ಷೇತ್ರದ ಫಲಿತಾಂಶ ಊಹಿಸಲು ಸಾಧ್ಯವಿಲ್ಲ. ಆದ್ದರಿಂದ ಮಲೇಷ್ಯಾದಲ್ಲಿ ಅಡ್ಡದಾರಿಯೊಂದು ಅನಿವಾರ್ಯ: ಮಲಯ, ಚೀನಿ, ಭಾರತೀಯ ಮೂಲದ ಮತದಾರರ ಒಲವನ್ನು ದೇಶಮಟ್ಟದಲ್ಲಿ ಅಳೆದು, ಪ್ರತಿ ಕ್ಷೇತ್ರದ ಜನಾಂಗೀಯ ಪ್ರಮಾಣಕ್ಕೆ ಅದನ್ನು ಅನ್ವಯಿಸುವುದು. ಇಬ್ಬರೇ ಅಭ್ಯರ್ಥಿಗಳಿದ್ದಾಗ ಈ ಲೆಕ್ಕ ತಕ್ಕಮಟ್ಟಿಗೆ ನಡೆಯುತ್ತದೆ. ಸ್ಪರ್ಧೆ ತ್ರಿಕೋನವಾದಾಗ ಮೂರನೆಯವನು ಯಾರ ಮತವನ್ನು ಕಡಿದನೆಂಬ ಊಹೆಯ ಮೇಲೆ ಹತ್ತಾರು ಸ್ಥಾನಗಳು ಅತ್ತಿತ್ತ ಹೊರಳುತ್ತವೆ.

2018ರಲ್ಲಿ ಆದದ್ದು ಅದೇ. ಮತದಾನದ ಹಿಂದಿನ ದಿನ ಮೆರ್ಡೇಕಾ ಸೆಂಟರ್ ಪ್ರಕಟಿಸಿದ ಅಂದಾಜಿನಂತೆ ಬಾರಿಸಾನ್‌ಗೆ 100, ಮಹಾತೀರ್ ನೇತೃತ್ವದ ಪಕತಾನ್ ಹರಪಾನ್‌ಗೆ 83, ಇಸ್ಲಾಮಿ ಪಕ್ಷವಾದ ಪಾಸ್‌ಗೆ 2. ಉಳಿದ 37 ಸ್ಥಾನಗಳಲ್ಲಿ ಹಣಾಹಣಿ. ಬಂದ ಫಲಿತಾಂಶ: ಹರಪಾನ್ 113, ಬಾರಿಸಾನ್ 79, ಪಾಸ್ 18, ಹರಪಾನ್‌ನ ಮಿತ್ರಪಕ್ಷವಾದ ಸಬಾದ ವಾರಿಸಾನ್ 8, ಇತರರು 4. ಅರವತ್ತೊಂದು ವರ್ಷಗಳ ಆಡಳಿತ ಒಂದೇ ರಾತ್ರಿಯಲ್ಲಿ ಮುಗಿಯಿತು.

ಸಮೀಕ್ಷೆ ಸಂಪೂರ್ಣ ಸೋತಿತೆಂದು ಅಂದು ಬಹಳ ಜನ ನಕ್ಕರು. ನನ್ನ ಅಭಿಪ್ರಾಯದಲ್ಲಿ ಆ ನಗು ಅರ್ಧ ಮಾತ್ರ ನ್ಯಾಯವಾದದ್ದು. ಅದೇ ವರದಿಯಲ್ಲಿ ಪರ್ಯಾಯದ್ವೀಪದ ಮತಪ್ರಮಾಣವನ್ನೂ ಹೇಳಿದ್ದರು: ಹರಪಾನ್ ಶೇ. 43.4, ಬಾರಿಸಾನ್ ಶೇ. 40.3, ಪಾಸ್ ಶೇ. 16. ಮತದಲ್ಲಿ ಹರಪಾನ್ ಮುಂದಿದೆ ಎಂಬ ಮುಖ್ಯ ಸುದ್ದಿ ಅಲ್ಲಿಯೇ ಇತ್ತು. ಆದರೆ ತಲೆಬರಹಕ್ಕೆ ಏರಿದ್ದು ನೂರು ಎಂಬ ಸಂಖ್ಯೆ. ಇನ್ನುಳಿದರ್ಧ ತಪ್ಪು ನಿಜವಾದದ್ದೇ. ಇಡೀ ದೇಶದಲ್ಲಿ ಬಾರಿಸಾನ್‌ಗೆ ಕೊನೆಗೆ ಬಂದದ್ದು ಸುಮಾರು ಶೇ. 34, ಈ ಅಂತರವನ್ನು ದೋಷಮಿತಿಯ ಖಾತೆಗೆ ಹಾಕಲಾಗದು. ನಿರ್ಧರಿಸಿಲ್ಲ ಎಂದವರು ಹೆಚ್ಚಾಗಿ ಒಂದೇ ದಿಕ್ಕಿಗೆ ಸರಿದಿರಬೇಕು. ರಫೀಜಿ ರಮ್ಲಿ ಅವರ ಇನ್ವೋಕ್ ಸಂಸ್ಥೆ ಹರಪಾನ್ ಗೆಲ್ಲುತ್ತದೆಂದು ಸರಿಯಾಗಿಯೇ ಹೇಳಿತ್ತು. ಅದೇ ಉಸಿರಿನಲ್ಲಿ ಪಾಸ್‌ಗೆ ಒಂದೂ ಸ್ಥಾನ ಬಾರದೆಂದಿತ್ತು. ಪಾಸ್ 18 ಸಂಸತ್ ಸ್ಥಾನಗಳೊಡನೆ ಕೆಲಂತಾನ್, ತೆರೆಂಗಾನು ರಾಜ್ಯಗಳನ್ನೂ ಗೆದ್ದಿತು. ಸರಿಯಾದ ತೀರ್ಪು, ತಪ್ಪಾದ ದಾರಿ: ವೈದ್ಯಕೀಯದಲ್ಲಿ ಇದು ಅಪರೂಪವಲ್ಲ.

2022ರ ಕಥೆ ಇನ್ನೂ ಸ್ವಾರಸ್ಯಕರ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿ, ನೋಂದಣಿಯನ್ನು ತಾನಾಗಿಯೇ ಆಗುವಂತೆ ಮಾಡಿದ ತಿದ್ದುಪಡಿ 2021ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತು. ಮತದಾರರ ಸಂಖ್ಯೆ ಸುಮಾರು 1.49 ಕೋಟಿಯಿಂದ 2.11 ಕೋಟಿಗೆ ಏರಿತು. ಹಿಂದೆಂದೂ ಮತ ಹಾಕದ ಅರವತ್ತು ಲಕ್ಷ ಜನರಲ್ಲಿ ಎಷ್ಟು ಮಂದಿ ಮತಗಟ್ಟೆಗೆ ಬರುತ್ತಾರೆಂದು ಹಳೆಯ ಯಾವ ಅಂಕಿಅಂಶವೂ ಹೇಳಲಾರದು. ನವೆಂಬರ್ 19ರ ಚುನಾವಣೆಯ ಮುನ್ನಾದಿನ ಮೆರ್ಡೇಕಾ ಸೆಂಟರ್ ಅಂದಾಜಿಸಿದ್ದು ಹರಪಾನ್‌ಗೆ 82, ಪೆರಿಕತಾನ್ ನಾಷನಲ್‌ಗೆ 43, ಬಾರಿಸಾನ್‌ಗೆ 15, ಹಣಾಹಣಿಯಲ್ಲಿ 45. ಹರಪಾನ್‌ಗೆ ಮಿತ್ರಪಕ್ಷವೂ ಸೇರಿ ಬಂದದ್ದು 82! ಆದರೆ ಮಲಯ ಮತದಾರರ ನಡುವೆ ಎದ್ದ ಅಲೆಯಲ್ಲಿ ಪೆರಿಕತಾನ್, ಮುಂದೂಡಲ್ಪಟ್ಟಿದ್ದ ಒಂದು ಕ್ಷೇತ್ರವೂ ಸೇರಿ, 74ಕ್ಕೆ ಏರಿತು. ಬಾರಿಸಾನ್ 30ಕ್ಕೆ ನಿಂತಿತು. ಒಂದು ಸಂಖ್ಯೆ ಚಾಚೂ ತಪ್ಪದೆ ಬಂದಿತು, ಆದರೆ ಅಲೆಯ ಎತ್ತರ ತಿಳಿಯಲಿಲ್ಲ. ಯಾರಿಗೂ ಬಹುಮತ ಬಾರದೆ, ಅನ್ವರ್ ಇಬ್ರಾಹಿಂ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು ನವೆಂಬರ್ 24ರಂದು.

ಅಮೆರಿಕದ ಪ್ರೈಮರಿಗಳೊಡನೆ ಹೋಲಿಕೆ ಇಲ್ಲಿಯೇ ಉಪಯುಕ್ತವೆನಿಸುತ್ತದೆ. 2008ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕೊನೆಯ ಸಮೀಕ್ಷೆಗಳು ಒಬಾಮಾ ಮುಂದಿದ್ದಾರೆಂದವು. ಗೆದ್ದವರು ಹಿಲರಿ ಕ್ಲಿಂಟನ್. 2016ರ ಮಾರ್ಚ್‌ನಲ್ಲಿ ಮಿಷಿಗನ್‌ನಲ್ಲಿ ಕ್ಲಿಂಟನ್ ಬಹಳ ಮುಂದಿದ್ದಾರೆಂದವು, ಗೆದ್ದವರು ಸ್ಯಾಂಡರ್ಸ್. ಒಂದೇ ಪಕ್ಷದ ಇಬ್ಬರ ನಡುವೆ ಆರಿಸುವಾಗ ಮತದಾರನಿಗೆ ಪಕ್ಷನಿಷ್ಠೆಯ ಲಂಗರು ಇರುವುದಿಲ್ಲ, ಕೊನೆಯ ಕ್ಷಣದಲ್ಲಿ ಮನಸ್ಸು ಬದಲಿಸುವುದಕ್ಕೆ ಏನೂ ಖರ್ಚಿಲ್ಲ. ಅಮ್ನೋದಿಂದ ಪೆರಿಕತಾನ್‌ಗೆ ಹೊರಳಿದ ಮಲಯ ಮತದಾರನ ಸ್ಥಿತಿಯೂ ಅಂಥದ್ದೇ ಆಗಿತ್ತು. ಅವನು ದಾಟಿದ್ದು ಹೊಳೆಯನ್ನಲ್ಲ, ಒಂದೇ ಮನೆಯ ಹೊಸ್ತಿಲನ್ನು.

ಭಾರತೀಯ ಮೂಲದವರ ವಿಷಯಕ್ಕೆ ಬರೋಣ. ಈ ಬರಹಕ್ಕೆ ನನ್ನನ್ನು ಹಚ್ಚಿದ್ದೂ ಅದೇ. ಜನಸಂಖ್ಯೆಯಲ್ಲಿ ಅವರು ಸುಮಾರು ಶೇ. 7. ಸಾವಿರದಿನ್ನೂರರ ಮಾದರಿಯಲ್ಲಿ ಸುಮಾರು ಎಂಬತ್ತನಾಲ್ಕು ಜನ. ಆ ಗುಂಪಿನ ದೋಷಮಿತಿ ಶೇ. 10ಕ್ಕಿಂತ ಹೆಚ್ಚು. ಭಾರತೀಯರ ಬೆಂಬಲ 55ರಿಂದ 63ಕ್ಕೆ ಏರಿತು ಎಂಬ ಸುದ್ದಿ ಬಂದರೆ, ಏರಿರಬಹುದು, ಇಳಿದಿರಲೂಬಹುದು. ಆದರೂ ತಮಿಳು ಶಾಲೆಗಳ ಅನುದಾನ, ಪೌರತ್ವದ ಕಾಗದವಿಲ್ಲದವರ ಪಾಡು ಮುಂತಾದ ವಿಷಯಗಳಲ್ಲಿ ಯಾರನ್ನು ಓಲೈಸಬೇಕು, ಯಾರನ್ನು ಮರೆಯಬಹುದು ಎಂಬ ಚರ್ಚೆ ಇಂಥ ಸಂಖ್ಯೆಗಳನ್ನು ಹಿಡಿದೇ ನಡೆಯುತ್ತದೆ. ಬದಲಾವಣೆ ಬಹಳ ದೊಡ್ಡದಾದಾಗ ಮಾತ್ರ ಸಣ್ಣ ಮಾದರಿಯೂ ಅದನ್ನು ಹಿಡಿಯಬಲ್ಲದು. 2007ರ ನವೆಂಬರ್ 25ರ ಹಿಂದ್‌ರಾಫ್ ಮೆರವಣಿಗೆಯ ಅನಂತರ ಭಾರತೀಯರಲ್ಲಿ ಸರ್ಕಾರದ ಮೇಲಿನ ವಿಶ್ವಾಸ ಕುಸಿದದ್ದು ಸಮೀಕ್ಷೆಗಳಲ್ಲಿ ಕಾಣಿಸಿತ್ತು. 2008ರ ಮಾರ್ಚ್ 8ರಂದು ಬಾರಿಸಾನ್ 140 ಸ್ಥಾನಗಳಿಗೆ ಇಳಿದು ಮೂರನೇ ಎರಡರ ಬಹುಮತ ಕಳೆದುಕೊಂಡಿತು. ಭಾರತೀಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸಾಮಿ ವೇಲು, 1974ರಿಂದ ತಮ್ಮದಾಗಿದ್ದ ಸುಂಗೈ ಸಿಪುಟ್‌ನಲ್ಲಿ ಸೋತರು. ಗೆದ್ದವರು ಮೈಕೆಲ್ ಜಯಕುಮಾರ್ ದೇವರಾಜ್, ಶ್ವಾಸಕೋಶದ ತಜ್ಞ ವೈದ್ಯರು.

ಭಾರತೀಯ ಎಂಬ ಆ ಒಂದು ಕಂಬಸಾಲಿನೊಳಗೆ ತೋಟಗಳಿಂದ ನಗರಕ್ಕೆ ಬಂದ ತಮಿಳರು, ಮಲಯಾಳಿಗಳು, ತೆಲುಗರು, ಪಂಜಾಬಿಗಳು ಎಲ್ಲರೂ ಒಟ್ಟಾಗಿ ಕುಳಿತಿದ್ದಾರೆ. ಇಲ್ಲಿನ ಪೌರರಾಗಿರುವ ಬೆರಳೆಣಿಕೆಯ ಕನ್ನಡ ಕುಟುಂಬಗಳಿಂದ ಎಂಬತ್ತನಾಲ್ಕರಲ್ಲಿ ಒಬ್ಬರಾದರೂ ಬರುವ ಸಂಭವ ತೀರ ಕಡಿಮೆ. ಮುಂದಿನ ಸಾರ್ವತ್ರಿಕ ಚುನಾವಣೆ 2028ರ ಆರಂಭದೊಳಗೆ ನಡೆಯಬೇಕು. ಆಗ ಪ್ರಕಟವಾಗುವ ಕೋಷ್ಟಕಗಳಲ್ಲಿ ನಾನು ಮೊದಲು ನೋಡುವುದು ಪಕ್ಷಗಳ ಸಾಲನ್ನಲ್ಲ. ಸಬಾ, ಸರವಾಕ್‌ಗಳನ್ನು ಸೇರಿಸಿದ್ದಾರೆಯೇ, ನಿರ್ಧರಿಸಿಲ್ಲ ಎಂದವರು ಎಷ್ಟು, ಪ್ರತಿ ಜನಾಂಗದಿಂದ ಎಷ್ಟು ಜನರನ್ನು ಕೇಳಿದ್ದಾರೆ ಎಂಬ ಅಡಿಟಿಪ್ಪಣಿಯನ್ನು.