ನವಣೆ, ರಾಗಿ, ನುಗ್ಗೆ: ಹಿರೇಹಳ್ಳಿ ಸೀಮೆಯಲ್ಲಿ ಸಾಕುಗಿಳಿಯ ಆಹಾರ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ತುಮಕೂರಿಗೆ ಅಂಟಿಕೊಂಡಂತಿರುವ ಹಿರೇಹಳ್ಳಿಯ ಹೆಸರು ತೋಟಗಾರಿಕೆ ಬಲ್ಲವರಿಗೆ ಹೊಸದಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಪ್ರಯೋಗ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಇಲ್ಲಿವೆ. ಗುಬ್ಬಿ ತಾಲ್ಲೂಕು ಚೇಳೂರಿನ ‘ಸಿದ್ದು’ ಹಲಸನ್ನು ಗುರುತಿಸಿ ನಾಡಿಗೆ ಪರಿಚಯಿಸಿದ್ದು ಇದೇ ಪ್ರಯೋಗ ಕೇಂದ್ರ. ಹಣ್ಣಿನ ಮರ, ರಾಗಿ ಹೊಲ, ತೆಂಗಿನ ತೋಟ, ಹಿತ್ತಲಲ್ಲೊಂದು ನುಗ್ಗೆಮರ ಇರುವ ಈ ಸೀಮೆಯಲ್ಲಿ ಗಿಳಿ ಸಾಕುವವರು ಅದರ ಮೇವನ್ನು ಅಂಗಡಿಯ ಪೊಟ್ಟಣದಿಂದಲೇ ತರಬೇಕೆ? ಇಲ್ಲಿನ ಬೆಳೆಯಿಂದಲೇ ಸಮತೋಲದ ಆಹಾರ ಹೊಂದಿಸಬಹುದೇ? ಈ ಟಿಪ್ಪಣಿ ಪರಿಶೀಲಿಸುವುದು ಇಷ್ಟನ್ನೇ. ಹೊಂದಿಸಬಹುದು, ಆದರೆ ಕಾಳಿನೊಡನೆ ಸೊಪ್ಪು ಸೇರಬೇಕು, ಸೊಪ್ಪಿನೊಡನೆ ಬಿಸಿಲೂ ಸಿಗಬೇಕು ಎಂಬುದು ಇಲ್ಲಿನ ವಾದ.

2. ಯಾವ ಗಿಳಿ?

ಆಹಾರದ ಮಾತಿಗೆ ಮೊದಲು ಕಾನೂನಿನ ಮಾತು ಮುಗಿಯಬೇಕು. ಬೇಲೂರಿನ ಶುಕಭಾಷಿಣಿ ಶಿಲ್ಪದ ಕೈ ಮೇಲಿರುವ ಗಿಳಿ, ಶಾಸ್ತ್ರ ಹೇಳುವವರ ಪಂಜರದ ಗಿಳಿ, ನಮ್ಮ ಹೊಲದ ತೆನೆಗೆ ಎರಗುವ ಕೊರಳಪಟ್ಟಿಯ ಹಸಿರು ಗಿಳಿ, ಇವುಗಳ ನಂಟು ಹಳೆಯದು. ಆದರೂ ಈ ಹಸಿರು ಗಿಳಿಯನ್ನು ಇಂದು ಮನೆಯಲ್ಲಿ ಸಾಕುವಂತಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಮೊದಲು ನಾಲ್ಕನೆಯ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಎರಡನೆಯ ಅನುಸೂಚಿಗೆ ಸೇರಿತು. ಹಿಡಿದರೆ, ಮಾರಿದರೆ, ಕೊಂಡರೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪೊಟರೆಯಿಂದ ಬಿದ್ದ ಮರಿ ಸಿಕ್ಕರೆ ಸಾಧ್ಯವಾದಲ್ಲಿ ಅದೇ ಪೊಟರೆಗೆ ಮರಳಿಸಬೇಕು, ಇಲ್ಲವಾದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಮೊದಲಿಂದ ಮನೆಯಲ್ಲೇ ಬೆಳೆದ ಹಸಿರು ಗಿಳಿ ಇದ್ದವರೂ ಇಲಾಖೆಯನ್ನೇ ಕೇಳಬೇಕು. ಪಂಜರದಲ್ಲಿ ಬೆಳೆದ ಹಕ್ಕಿ ಕಾಡಿನಲ್ಲಿ ಮೇವು ಹುಡುಕುವುದನ್ನು ಕಲಿತಿರುವುದಿಲ್ಲ. ಒಮ್ಮೆಗೇ ಹಾರಬಿಡುವುದು ಅದಕ್ಕೆ ಉಪಕಾರವಾಗದು.

ಮನೆಯಲ್ಲಿ ಸಾಕಬಹುದಾದವು ಹೊರದೇಶದ ಮೂಲದ, ಪಂಜರದಲ್ಲೇ ಹುಟ್ಟಿ ಬೆಳೆದ ಜಾತಿಗಳು. ನಮ್ಮ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಹಕ್ಕಿ ಬಹುಪಾಲು ಆಸ್ಟ್ರೇಲಿಯಾ ಮೂಲದ ಬಜ್ರಿಗಾರ್. ಜುಟ್ಟಿನ ಕಾಕಟೀಲ್ ಕೂಡ ಅಲ್ಲಿಯದೇ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಈ ಭೇದ ತಿಳಿದಿರಬೇಕಾದ್ದು ಕಾನೂನಿನ ಕಾರಣಕ್ಕೆ. ಬಜ್ರಿಗಾರ್, ಕಾಕಟೀಲ್ ಮತ್ತು ಕೆಂಬಣ್ಣದ ಮುಖದ ಲವ್ ಬರ್ಡ್ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯ ಹೊರಗಿವೆ. ಉಳಿದ ಲವ್ ಬರ್ಡ್‌ಗಳು, ಮಕಾವ್, ಆಫ್ರಿಕಾದ ಬೂದು ಗಿಳಿ ಮುಂತಾದವು ಪಟ್ಟಿಯಲ್ಲಿವೆ. ಹಾಗಾಗಿ 2024ರ ಫೆಬ್ರುವರಿ 28ರ ನಿಯಮಗಳ ಪ್ರಕಾರ ಅವನ್ನು ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸಬೇಕು. ಮುಂದಿನ ಚರ್ಚೆ ಮುಖ್ಯವಾಗಿ ಬಜ್ರಿಗಾರ್ ಕುರಿತದ್ದು.

3. ಕಾಳಿನ ಲೆಕ್ಕ

ಬಜ್ರಿಗಾರ್‌ನ ಹುಟ್ಟುನೆಲ ಆಸ್ಟ್ರೇಲಿಯಾದ ಒಣಪ್ರದೇಶ; ಅದರ ಸಹಜ ಆಹಾರ ಹುಲ್ಲಿನ ಬೀಜ. ಜಗತ್ತಿನೆಲ್ಲೆಡೆ ಅದರ ಮೇವಿನ ಪೊಟ್ಟಣದಲ್ಲಿ ಮುಖ್ಯವಾಗಿ ಇರುವುದು ಬರಗು ಮತ್ತು ನವಣೆ. ತುಮಕೂರಿನ ಒಣಬೇಸಾಯ ಇವೆರಡನ್ನೂ ಬಲ್ಲದು. ಹೀಗಾಗಿ ಕಾಳಿನ ಮಟ್ಟಿಗೆ ಹೊರಗಿನ ಸರಕು ಬೇಕಿಲ್ಲ. ಆದರೆ ಯಾವ ರೂಪದ ಕಾಳು ಎಂಬುದನ್ನು ನೋಡಬೇಕು. ಅಡುಗೆಗೆ ಸಿಗುವ ನವಣಕ್ಕಿ, ಸಾಮಕ್ಕಿ ಸಿಪ್ಪೆ ತೆಗೆದವು. ಹಕ್ಕಿಗೆ ಬೇಕಾದ್ದು ಸಿಪ್ಪೆ ಸಮೇತದ ಕಾಳು, ಏಕೆಂದರೆ ಕೊಕ್ಕಿನಲ್ಲಿ ಹೊರಳಿಸಿ ಸಿಪ್ಪೆ ಸುಲಿಯುವುದೇ ಪಂಜರದ ಹಕ್ಕಿಗೆ ದಿನದ ದೊಡ್ಡ ಕೆಲಸ. ಬಿತ್ತನೆಗೆಂದು ಶಿಲೀಂಧ್ರನಾಶಕ ಸವರಿದ ಬೀಜ ಮಿಕ್ಕಿದ್ದರೆ ಅದನ್ನು ಎಂದೂ ಹಾಕಬಾರದು. ಸುಲಿದ ಹೊಟ್ಟು ಬಟ್ಟಲಿನ ಮೇಲೆಯೇ ನಿಂತು, ಕೆಳಗೆ ಕಾಳು ಖಾಲಿಯಾಗಿದ್ದರೂ ತುಂಬಿದಂತೆ ಕಾಣುತ್ತದೆ. ದಿನವೂ ಬೆಳಿಗ್ಗೆ ಹೊಟ್ಟು ಊದಿ ತೆಗೆಯದ ಮನೆಯಲ್ಲಿ ಹಕ್ಕಿ ತುಂಬಿದ ಬಟ್ಟಲಿನ ಮುಂದೆಯೇ ಉಪವಾಸ ಬೀಳಬಹುದು.

ಇನ್ನು ಪೋಷಕಾಂಶ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಂತೆ 100 ಗ್ರಾಂ ನವಣೆಯಲ್ಲಿ ಪ್ರೋಟೀನು 12.3 ಗ್ರಾಂ, ಕ್ಯಾಲ್ಸಿಯಂ 31 ಮಿಲಿಗ್ರಾಂ, ರಂಜಕ 290 ಮಿಲಿಗ್ರಾಂ. ಅಷ್ಟೇ ರಾಗಿಯಲ್ಲಿ ಪ್ರೋಟೀನು 7.3 ಗ್ರಾಂ, ಕ್ಯಾಲ್ಸಿಯಂ 344, ರಂಜಕ 283 ಮಿಲಿಗ್ರಾಂ. ಹಕ್ಕಿಯ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕಕ್ಕೆ ಸಮನಾಗಿ ಅಥವಾ ಸ್ವಲ್ಪ ಹೆಚ್ಚಾಗಿ ಇರಬೇಕು. ಬರೀ ನವಣೆಯಲ್ಲಿ ಈ ಅನುಪಾತ 0.11 ಮಾತ್ರ. ನವಣೆಯೂ ರಾಗಿಯೂ ಅರ್ಧರ್ಧ ಬೆರೆಸಿದರೆ 0.65ಕ್ಕೆ ಏರುತ್ತದೆ. ಬಡವರ ಮಕ್ಕಳ ಮೂಳೆ ಗಟ್ಟಿ ಮಾಡಿದ ರಾಗಿ ಇಲ್ಲಿಯೂ ನೆರವಿಗೆ ಬರುತ್ತದೆ, ಆದರೆ ಗುರಿ ಮುಟ್ಟಿಸುವುದಿಲ್ಲ.

ಉಳಿದ ಅಂತರವನ್ನು ನುಗ್ಗೆಸೊಪ್ಪು ತುಂಬುತ್ತದೆ. ಅದೇ ಕೋಷ್ಟಕದಂತೆ 100 ಗ್ರಾಂ ಹಸಿ ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ 440, ರಂಜಕ 70 ಮಿಲಿಗ್ರಾಂ. 10 ಗ್ರಾಂ ಮಿಶ್ರ ಕಾಳಿಗೆ 3 ಗ್ರಾಂ ಸೊಪ್ಪು ಸೇರಿದರೆ ಒಟ್ಟು ಕ್ಯಾಲ್ಸಿಯಂ ಸುಮಾರು 32, ರಂಜಕ ಸುಮಾರು 31 ಮಿಲಿಗ್ರಾಂ ಆಗಿ ಅನುಪಾತ ಒಂದಕ್ಕೆ ಬಂದು ನಿಲ್ಲುತ್ತದೆ. ಸಂಸ್ಥೆಯ 2017ರ ಹೊಸ ಕೋಷ್ಟಕದಲ್ಲಿ ನುಗ್ಗೆಸೊಪ್ಪಿನ ಕ್ಯಾಲ್ಸಿಯಂ 314 ಎಂದಿದೆ. ಅದನ್ನು ಹಿಡಿದರೂ ಅನುಪಾತ 0.9ರ ಆಸುಪಾಸಿನಲ್ಲಿರುತ್ತದೆ. ಇಷ್ಟು ಕಾಳು, ಒಂದು ಪುಟ್ಟ ಕಡ್ಡಿಯ ಸೊಪ್ಪು ಒಂದು ಜೋಡಿ ಬಜ್ರಿಗಾರ್‌ನ ದಿನದ ಮೇವಿಗೆ ಹತ್ತಿರದ ಪ್ರಮಾಣ. ಒಂದು ಹಕ್ಕಿಯ ತೂಕ 30ರಿಂದ 40 ಗ್ರಾಂ ಎಂಬುದನ್ನು ನೆನಪಿಟ್ಟರೆ ಈ ಸಣ್ಣ ಅಳತೆಗಳ ಬೆಲೆ ತಿಳಿಯುತ್ತದೆ.

ಈ ಲೆಕ್ಕಕ್ಕೆ ಎರಡು ಎಚ್ಚರಿಕೆಗಳಿವೆ. ಕೋಷ್ಟಕಗಳು ಮನುಷ್ಯ ತಿನ್ನುವ ಭಾಗವನ್ನು ಅಳೆದವು. ಜೊತೆಗೆ ರಾಗಿಯ ಫೈಟೇಟ್ ಅಂಶ ಕ್ಯಾಲ್ಸಿಯಂನ ಒಂದು ಪಾಲನ್ನು ಹಿಡಿದಿಡುತ್ತದೆ. ಮೊಳಕೆ ಬರಿಸಿದರೆ ಫೈಟೇಟ್ ಇಳಿಯುತ್ತದೆ. ಕೂಸಿಗೆಂದು ರಾಗಿ ಮೊಳಕೆ ಕಟ್ಟುವ ಮನೆಯವರು ಒಂದು ಚಿಟಿಕೆ ಹಕ್ಕಿಗೂ ಎತ್ತಿಡಬಹುದು. ಮೊಳಕೆಯನ್ನು ಚೆನ್ನಾಗಿ ತೊಳೆದು ಕೊಟ್ಟು, ಕೆಲವು ಗಂಟೆಯಲ್ಲಿ ಮಿಕ್ಕಿದ್ದನ್ನು ಎಸೆಯಬೇಕು. ಹುಳಿ ವಾಸನೆ ಬಂದರೆ ಕೊಡಲೇಬಾರದು.

4. ವಿಟಮಿನ್ ಎ ಮತ್ತು ಹಣ್ಣು

ಬರೀ ಕಾಳು ತಿಂದ ಗಿಳಿಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಕೊರತೆ ವಿಟಮಿನ್ ಎಯದು. ಬಾಯಿ, ಮೂಗು, ಉಸಿರುನಾಳದ ಒಳಪದರ ಒರಟಾಗಿ ಸೋಂಕಿಗೆ ದಾರಿಯಾಗುತ್ತದೆ. ಇಲ್ಲೂ ಹಳೆಯ ಕೋಷ್ಟಕದ ಮಾತು ಸ್ಪಷ್ಟ: 100 ಗ್ರಾಂನಲ್ಲಿ ಕ್ಯಾರೊಟೀನ್ ನವಣೆಗೆ 32, ರಾಗಿಗೆ 42, ಕ್ಯಾರೆಟ್‌ಗೆ 1,890, ನುಗ್ಗೆಸೊಪ್ಪಿಗೆ 6,780 ಮೈಕ್ರೊಗ್ರಾಂ. ಕ್ಯಾಲ್ಸಿಯಂಗೆಂದು ಕೊಟ್ಟ ಸೊಪ್ಪೇ ಈ ಕೊರತೆಯನ್ನೂ ನೀಗಿಸುತ್ತದೆ. ದಂಟು, ಮೆಂತ್ಯ, ಕೊತ್ತಂಬರಿಯನ್ನು ಸರದಿಯಲ್ಲಿ ಕೊಡಬಹುದು. ಸಂತೆಯ ಸೊಪ್ಪಾದರೆ ಚೆನ್ನಾಗಿ ತೊಳೆಯಬೇಕು. ಒದ್ದೆ ಕಡ್ಡಿಯನ್ನು ಪಂಜರದ ಸರಳಿಗೆ ಕಟ್ಟಿದರೆ ಬಜ್ರಿಗಾರ್ ಅದರಲ್ಲಿ ಮೈ ಒದ್ದೆ ಮಾಡಿಕೊಳ್ಳುತ್ತಾ ಎಲೆ ಕಚ್ಚುವುದನ್ನೂ ಕಲಿಯುತ್ತದೆ.

ಹಣ್ಣು ರುಚಿಗೆ, ಒಂದೆರಡು ಚೂರು ಸಾಕು. ಸೀಬೆ, ಪರಂಗಿ, ಮಾವು, ಹಲಸಿನ ತೊಳೆ ಆಗಬಹುದು. ‘ಸಿದ್ದು’ ಹಲಸಿನ ಕೆಂಪು ತೊಳೆ ನೋಡಿ ಅದರಲ್ಲಿ ವಿಟಮಿನ್ ಎ ಅಷ್ಟೇ ಹೆಚ್ಚಿದೆಯೆಂದು ಭಾವಿಸಬಾರದು: ಕೆಂಪು ಬಣ್ಣದ ಲೈಕೋಪೀನ್ ದೇಹದಲ್ಲಿ ವಿಟಮಿನ್ ಎ ಆಗುವುದಿಲ್ಲ, ಆಗುವುದು ಬೀಟಾ ಕ್ಯಾರೊಟೀನ್. ಹಳಬರು ಗಿಳಿಗೆ ಕೊಡುತ್ತಿದ್ದ ಮೆಣಸಿನಕಾಯಿಯಲ್ಲಿ ಮಾತ್ರ ತಪ್ಪಿಲ್ಲ. ಖಾರದ ಅಂಶವನ್ನು ಗುರುತಿಸುವ ನರಗ್ರಾಹಕ ಹಕ್ಕಿಗಳಲ್ಲಿ ಅದಕ್ಕೆ ಸ್ಪಂದಿಸದು. ಹಣ್ಣು ಮೆಣಸಿನಕಾಯಿ ಕ್ಯಾರೊಟೀನಿನ ಒಳ್ಳೆಯ ಮೂಲವೂ ಹೌದು.

5. ಮಿತಿ ಮತ್ತು ನಿಷೇಧ

ಸೂರ್ಯಕಾಂತಿ ಬೀಜದ ತೂಕದಲ್ಲಿ ಅರ್ಧದಷ್ಟು ಕೊಬ್ಬು. ಕಡಲೆಕಾಯಿ ಬೀಜ, ಕೊಬ್ಬರಿ ಕೂಡ ಅದೇ ಸಾಲಿನವು. ಹಾರಾಟವಿಲ್ಲದ ಹಕ್ಕಿಗೆ ಇವು ಪಿತ್ತಜನಕಾಂಗದಲ್ಲಿ ಕೊಬ್ಬು ಕಟ್ಟಿಸುತ್ತವೆ; ವಾರಕ್ಕೊಮ್ಮೆ ನಾಲ್ಕು ಕಾಳು ಸಾಕು. ತೇವ ಹಿಡಿದ ಕಡಲೆಕಾಯಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುವುದರಿಂದ ಮುಗ್ಗಲು ವಾಸನೆಯ ಕಾಳು ಒಂದೂ ಬೇಡ.

ಹಾಲನ್ನ ಗಿಳಿಗೆ ಅಕ್ಕರೆಯ ತುತ್ತೆನಿಸಿದರೂ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಹಕ್ಕಿಗಿಲ್ಲ. ಚಳಿಗಾಲದಲ್ಲಿ ಸಂತೆ ತುಂಬುವ ಅವರೆಕಾಳನ್ನು ಹಸಿಯಾಗಿ ಕೊಡದೆ ಉಪ್ಪಿಲ್ಲದೆ ಬೇಯಿಸಿ ಕೊಡಬೇಕು. ನೆನೆಸಿ ಮೊಳಕೆ ಬರಿಸಿದ ಕಡಲೆಕಾಳು, ಹೆಸರುಕಾಳು ಒಳ್ಳೆಯವು. ಕಾಫಿ, ಟೀ, ಚಾಕೊಲೇಟ್, ಮಿಕ್ಸ್ಚರ್, ಉಪ್ಪಿನಕಾಯಿ, ಈರುಳ್ಳಿ, ಸೀತಾಫಲದ ಬೀಜ ಇವೆಲ್ಲ ಕೂಡದು. ಎಲ್ಲಕ್ಕಿಂತ ಅಪಾಯದ್ದು ಬೆಣ್ಣೆಹಣ್ಣು. ಕೊಡಗು, ಚಿಕ್ಕಮಗಳೂರಿನಿಂದ ಪೇಟೆಗೆ ಬರುವ ಈ ಹಣ್ಣಿನಲ್ಲಿರುವ ಪರ್ಸಿನ್ ಹಕ್ಕಿಯ ಹೃದಯಕ್ಕೆ ಹಾನಿ ಮಾಡುತ್ತದೆ. ತಿಂದ ಬಜ್ರಿಗಾರ್ ಒಂದೆರಡು ದಿನದಲ್ಲೇ ಸತ್ತದ್ದು ಪ್ರಯೋಗಗಳಲ್ಲಿ ದಾಖಲಾಗಿದೆ.

ಅಯೋಡಿನ್ ಮಾತ್ರ ಹಿತ್ತಲಿನಿಂದ ಪೂರೈಸಲಾಗದ ಅಂಶ. ಅದರ ಕೊರತೆಯಿಂದ ಬಜ್ರಿಗಾರ್‌ಗೆ ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದೆ. ಅಡುಗೆ ಉಪ್ಪು ಇದಕ್ಕೆ ಮದ್ದಲ್ಲ. ಹಕ್ಕಿಗಳಿಗೆಂದೇ ಮಾರುವ ಅಯೋಡಿನ್ ಸೇರಿದ ಖನಿಜದ ಗಟ್ಟಿಯೊಂದನ್ನು ಪಂಜರಕ್ಕೆ ಕಟ್ಟಬೇಕು.

6. ಬಿಸಿಲು, ಹೊಗೆ, ನಿದ್ದೆ

ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು. ಕಾಳು, ಸೊಪ್ಪಿನಲ್ಲಿ ಅದಿಲ್ಲ. ಹಕ್ಕಿಯ ಚರ್ಮದ ಮೇಲೆ ನೇರಳಾತೀತ ಕಿರಣ ಬಿದ್ದಾಗ ಅದು ಉಂಟಾಗುತ್ತದೆ. ಕಿಟಕಿಯ ಗಾಜು ಆ ಕಿರಣವನ್ನು ತಡೆಯುವುದರಿಂದ ಗಾಜಿನೊಳಗಿನ ಬೆಳಕು ಲೆಕ್ಕಕ್ಕಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಜಗಲಿಯ ಎಳೆಬಿಸಿಲಿನಲ್ಲಿ, ಅರ್ಧ ಭಾಗ ನೆರಳಿರುವಂತೆ ಪಂಜರ ಇಡಬೇಕು. ಬೆಕ್ಕು, ಕಾಗೆಯ ಕಾಟವಿರುವುದರಿಂದ ಯಾರಾದರೂ ಹತ್ತಿರವಿರಬೇಕು. ಹೀಗೆ ಬಿಸಿಲು ಕಾಣಿಸದಿದ್ದರೆ ಮೇಲೆ ಹಾಕಿದ ರಾಗಿ–ನುಗ್ಗೆಯ ಲೆಕ್ಕ ಹಾಳೆಯ ಮೇಲೇ ಉಳಿಯುತ್ತದೆ.

ಅಡುಗೆಮನೆ ಪಂಜರದ ಜಾಗವಲ್ಲ. ಹಕ್ಕಿಯ ಉಸಿರಾಟದ ವ್ಯವಸ್ಥೆ ಗಾಳಿಯಲ್ಲಿನ ವಿಷವನ್ನು ಬೇಗ ಹೀರುತ್ತದೆ. ನಾನ್‌ಸ್ಟಿಕ್ ತವಾ ಒಲೆಯ ಮೇಲೆ ಬರಿದೇ ಕಾದು ಕೆಂಡವಾದರೆ ಅದರ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಸೊಳ್ಳೆಬತ್ತಿ, ಸಾಂಬ್ರಾಣಿ, ಒಗ್ಗರಣೆಯ ಘಾಟಿನಿಂದಲೂ ದೂರವಿಡಬೇಕು. ಪಂಜರ ಎತ್ತರಕ್ಕಿಂತ ಅಗಲವಾಗಿರಲಿ, ಹಾರಾಟ ಅಡ್ಡಡ್ಡವಾಗಿ ನಡೆಯುವುದರಿಂದ. ಒಂದೇ ಗಾತ್ರದ ಪ್ಲಾಸ್ಟಿಕ್ ಕಡ್ಡಿಯ ಬದಲು ದಪ್ಪ–ಸಣ್ಣ ಬೆರೆತ ಸೀಬೆಯ ಕೊಂಬೆ ಕಾಲಿಗೆ ಹಿತ. ಸತುವಿನ ಲೇಪ ಉದುರುವ ತಂತಿಬಲೆಯನ್ನು ಹಕ್ಕಿ ಕಚ್ಚಿದರೆ ಸತು ವಿಷವೇರುತ್ತದೆ. ರಾತ್ರಿ ಹತ್ತು–ಹನ್ನೆರಡು ಗಂಟೆಯ ಕತ್ತಲೆ ಬೇಕು, ಟಿ.ವಿ. ಇರುವ ಕೋಣೆಯಾದರೆ ಸಂಜೆಯೇ ಬಟ್ಟೆ ಹೊದಿಸಬೇಕು.

ಹಳೆಯ ಮೇವಿನಿಂದ ಹೊಸದಕ್ಕೆ ಒಂದೇ ದಿನದಲ್ಲಿ ಬದಲಿಸಬಾರದು. ಹಸಿವಿರುವ ಬೆಳಗಿನ ಹೊತ್ತು ಸೊಪ್ಪು, ಆಮೇಲೆ ಕಾಳು ಎಂಬ ಕ್ರಮದಲ್ಲಿ ವಾರಗಟ್ಟಲೆ ರೂಢಿ ಮಾಡಿಸಬೇಕು. ಗ್ರಾಂ ತೋರಿಸುವ ಅಡುಗೆ ತಕ್ಕಡಿಯಲ್ಲಿ ಹಕ್ಕಿಯನ್ನು ತೂಗುತ್ತಿರಬೇಕು: 35 ಗ್ರಾಂನ ಹಕ್ಕಿ 3–4 ಗ್ರಾಂ ಇಳಿದರೆ ಅದು ಮೈತೂಕದ ಹತ್ತನೇ ಒಂದು ಭಾಗ. ಗಿಳಿ ಕಾಯಿಲೆಯನ್ನು ಮುಚ್ಚಿಡುವ ಜೀವಿ. ಗರಿ ಉಬ್ಬಿಸಿ ಪಂಜರದ ತಳದಲ್ಲಿ ಕೂತರೆ, ಉಸಿರಿನೊಡನೆ ಬಾಲ ಕುಣಿದರೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಗಿಳಿಯಿಂದ ಮನುಷ್ಯರಿಗೂ ಹರಡುವ ಸಿಟ್ಟಕೋಸಿಸ್ ಎಂಬ ರೋಗ ಇರುವುದರಿಂದ ಒಣಗಿದ ಹಿಕ್ಕೆಯನ್ನು ಗುಡಿಸದೆ ಒದ್ದೆ ಮಾಡಿ ಒರೆಸುವುದು ಮನೆಮಂದಿಗೂ ಕ್ಷೇಮ.

7. ನಿರ್ಣಯ

ಸಾಕುವ ಗಿಳಿ ಹೊರದೇಶದ ಮೂಲದ್ದಾದರೂ ಅದರ ಮೇವು ಈ ನೆಲದ್ದೇ ಆಗಬಹುದು. ಸಿಪ್ಪೆ ಸಮೇತದ ನವಣೆ ಅಥವಾ ಬರಗು ಒಂದು ಪಾಲು, ರಾಗಿ ಒಂದು ಪಾಲು, ದಿನವೂ ನುಗ್ಗೆ ಅಥವಾ ದಂಟಿನ ಸೊಪ್ಪು, ಎಳೆಬಿಸಿಲು, ಅಯೋಡಿನ್ ಗಟ್ಟಿ: ಕೋಷ್ಟಕದ ಅಂಕಿಗಳು ಬೆಂಬಲಿಸುವ ಕ್ರಮ ಇದು. ಇದರಲ್ಲಿ ಪೇಟೆಯಿಂದಲೇ ತರಬೇಕಾದ್ದು ಕೊನೆಯದೊಂದೇ. ಮೊಟ್ಟೆಯಿಡುವ ಹೆಣ್ಣಿಗೆ ಮಾತ್ರ ಈ ಪ್ರಮಾಣ ಸಾಲದು. ಮೊಟ್ಟೆಯ ಚಿಪ್ಪಿಗೆ ಬೇಕಾದ ಹೆಚ್ಚಿನ ಕ್ಯಾಲ್ಸಿಯಂಗಾಗಿ ಸಮುದ್ರನೊರೆಯ ತುಂಡೊಂದನ್ನು ಮೊಟ್ಟೆಗೆ ಮೊದಲೇ ಪಂಜರದಲ್ಲಿ ಇಟ್ಟಿರಬೇಕು.